ಹೊಸ ನ್ಯಾವಿಗೇಟರ್, ಜೇಬಿನ ಫೋನ್, ಡ್ರಾಯರ್‌ನ ಹಳೇ ಫೋನ್: ಮೂರನ್ನೂ ಕಾರಿನಲ್ಲಿ ಇಟ್ಟು ನೋಡಿದ್ದು

ಮೊದಲೇ ಹೇಳಿಬಿಡುತ್ತೇನೆ, ದಾರಿ ತೋರಿಸುವುದರಲ್ಲಿ ಗೆದ್ದದ್ದು ಹಳೇ ಫೋನು. ಸಿಮ್ ಇಲ್ಲ, ಒಂದು ಮೂಲೆಯಲ್ಲಿ ಗಾಜು ಬಿರುಕು ಬಿಟ್ಟಿದೆ, ಚಾರ್ಜು ಅರ್ಧ ದಿನವೂ ನಿಲ್ಲುವುದಿಲ್ಲ. ಎರಡು ವರ್ಷದಿಂದ ಮನೆಯ ಡ್ರಾಯರ್‌ನಲ್ಲೇ ಬಿದ್ದಿತ್ತು. ಅದರ ನೆನಪಾಗುವುದಕ್ಕೆ ಮುಂಚೆಯೇ ನಾನು ಅಂಗಡಿಗೆ ಹೋಗಿ ಹೊಸ ನ್ಯಾವಿಗೇಟರ್, ಅಂದರೆ ಕಾರಿನಲ್ಲಿ ನಕ್ಷೆ ನೋಡಿ ದಾರಿ ಹೇಳುವುದಕ್ಕೆಂದೇ ಇರುವ ಡಬ್ಬಿ, ತಂದಾಗಿತ್ತು. ಆ ಹೊಟ್ಟೆಉರಿಯಲ್ಲೇ ಇದನ್ನು ಬರೆಯುತ್ತಿದ್ದೇನೆ ಅಂದುಕೊಳ್ಳಿ.

ನನ್ನ ಓಡಾಟದ ರೀತಿ ಇಷ್ಟು: ದಿನದ ದಾರಿ ಬಾಯಿಪಾಠ, ಅದಕ್ಕೆ ನಕ್ಷೆ ಬೇಡ. ತಿಂಗಳಿಗೆ ಎರಡು ಮೂರು ಸಲ ಗೊತ್ತಿಲ್ಲದ ಕಡೆ ದೂರ ಹೋಗುತ್ತೇನೆ, ಪಕ್ಕದಲ್ಲಿ ಮಾವ ಕೂತಿರುತ್ತಾರೆ. ಜೇಬಿನ ಫೋನಿಗೆ ಕೆಲಸದ ಕರೆಗಳು ಒಂದರ ಹಿಂದೆ ಒಂದು. ಒಮ್ಮೆ ಹೆದ್ದಾರಿ ಎರಡಾಗಿ ಸೀಳುವ ಜಾಗಕ್ಕೆ ಸರಿಯಾಗಿ ಕರೆ ಬಂತು, ನಕ್ಷೆಯನ್ನು ಮುಚ್ಚಿಕೊಂಡು ಯಾರದೋ ಹೆಸರು ಕುಣಿಯಿತು. ನಾನು ಎಡಕ್ಕೆ ಹೋಗಬೇಕಾದವನು ಬಲಕ್ಕೆ ಹೋದೆ. ವಾಪಸ್ ತಿರುಗುವ ಜಾಗ ಸಿಗಲು ಹದಿನೆಂಟು ಕಿಲೋಮೀಟರ್. ಅವತ್ತೇ ತೀರ್ಮಾನ ಮಾಡಿದೆ, ಕಾರಿಗೆ ಅಂತಲೇ ಒಂದು ಬೇರೆ ಸಾಧನ ಇರಬೇಕು ಅಂತ.

ತಂದದ್ದು ಏಳಿಂಚು ಪರದೆಯ ಅಗ್ಗದ ನ್ಯಾವಿಗೇಟರ್. ಕಂಪನಿಯ ಹೆಸರು ನಾನು ಎಲ್ಲೂ ಕೇಳಿದ್ದಲ್ಲ, ಇಲ್ಲಿ ಹೇಳುವುದೂ ಇಲ್ಲ. ಪೆಟ್ಟಿಗೆಯ ಮೇಲೆ 'ಜೀವನಪರ್ಯಂತ ನಕ್ಷೆ ಉಚಿತ' ಎಂದಿತ್ತು. ಮೊದಲ ಪ್ರಯಾಣದಲ್ಲೇ ಹೊಸದಾಗಿ ಆಗಿದ್ದ ಬೈಪಾಸ್ ಹತ್ತಿದೆವು. ಪರದೆಯಲ್ಲಿ ರಸ್ತೆ ಮಾಯವಾಯಿತು. ಖಾಲಿ ಹಸಿರು ಬಯಲಿನ ನಡುವೆ ನಮ್ಮ ಕಾರಿನ ಚಿಕ್ಕ ಬಾಣ ಒಂದೇ ಸಮನೆ ಸರಿಯುತ್ತಿದೆ, ಅರ್ಧ ನಿಮಿಷಕ್ಕೊಮ್ಮೆ 'ಹಿಂದಕ್ಕೆ ತಿರುಗಿ' ಎಂಬ ಅಪ್ಪಣೆ ಬೇರೆ. ಮಾವ ಸ್ವಲ್ಪ ಹೊತ್ತು ನೋಡಿದವರು, "ಅಳಿಯಂದ್ರೇ, ನಾವೀಗ ಹೊಲ ಉಳ್ತಾ ಇದ್ದೀವಾ?" ಅಂದರು.

ಮನೆಗೆ ಬಂದು ನಕ್ಷೆ ಹೊಸದು ಮಾಡೋಣ ಎಂದು ಕೂತೆ. ಅದಕ್ಕೆ ಕಂಪ್ಯೂಟರ್ ಬೇಕು. ಹಳೇ ನಮೂನೆಯ ಮಿನಿ ಯುಎಸ್‌ಬಿ ಕೇಬಲ್ ಬೇಕು, ಪೆಟ್ಟಿಗೆಯಲ್ಲಿ ಕೊಟ್ಟಿದ್ದರಲ್ಲಿ ಚಾರ್ಜ್ ಮಾತ್ರ ಹರಿಯುತ್ತದೆ, ಡೇಟಾ ಹರಿಯುವುದಿಲ್ಲ. ಕೇಬಲ್ ಹುಡುಕಿ ಜೋಡಿಸಿದ ಮೇಲೆ ನೋಡಿದರೆ ಕಂಪನಿಯ ತಾಣದಲ್ಲಿ ನನ್ನ ಮಾದರಿಯೇ ಇಲ್ಲ. ಜೀವನಪರ್ಯಂತ ಅಂದರೆ ಯಾರ ಜೀವನ ಎಂದು ಪೆಟ್ಟಿಗೆಯ ಮೇಲೆ ಬರೆದಿರಲಿಲ್ಲ, ನಾನೂ ಕೇಳಿರಲಿಲ್ಲ.

ಇನ್ನೊಂದು ವಿಚಿತ್ರ. ಅದರ ದಿನಾಂಕ ಸುಮಾರು ಇಪ್ಪತ್ತು ವರ್ಷ ಹಿಂದಿನದು. ಸೆಟ್ಟಿಂಗ್ ತಪ್ಪಿರಬೇಕು ಎಂದು ತಿದ್ದಿದೆ, ಉಪಗ್ರಹ ಸಿಕ್ಕ ಕೂಡಲೇ ಮತ್ತೆ ಹಿಂದಕ್ಕೆ ಓಡಿತು. ಜಿಪಿಎಸ್ ತನ್ನ ಹಳೇ ಸಂಕೇತದಲ್ಲಿ ವಾರಗಳನ್ನು ಹತ್ತು ಬಿಟ್‌ಗಳಲ್ಲಿ (ಸೊನ್ನೆ ಅಥವಾ ಒಂದು ಮಾತ್ರ ಹಿಡಿಸುವ ಹತ್ತು ಜಾಗಗಳಲ್ಲಿ) ಎಣಿಸುತ್ತದೆ. ಅಂದರೆ 1024 ವಾರ ಆದ ಮೇಲೆ ಎಣಿಕೆ ಮತ್ತೆ ಸೊನ್ನೆಗೆ ಬರುತ್ತದೆ. 1999ರ ಆಗಸ್ಟ್‌ನಲ್ಲಿ ಒಮ್ಮೆ, 2019ರ ಏಪ್ರಿಲ್ 6ರಂದು ಇನ್ನೊಮ್ಮೆ ಹಾಗಾಯಿತು. ಅದಕ್ಕೆ ತಕ್ಕಂತೆ ಸಾಫ್ಟ್‌ವೇರ್ ತಿದ್ದಿಕೊಳ್ಳದ ಸಾಧನಗಳು ಹತ್ತೊಂಬತ್ತೂವರೆ ವರ್ಷಕ್ಕಿಂತ ಚೂರು ಹೆಚ್ಚು ಹಿಂದಕ್ಕೆ ಜಾರಿಬಿಡುತ್ತವೆ. ದಾರಿ ತೋರಿಸುವುದಕ್ಕೆ ಅದರಿಂದ ಅಷ್ಟೇನೂ ತೊಂದರೆ ಆಗಲಿಲ್ಲ ನಿಜ, ಆದರೆ 'ಹೊಸದು' ಎಂದು ನನಗೆ ಮಾರಿದ ಡಬ್ಬಿಯ ಒಳಗಿನದು ಎಷ್ಟು ಹಳತು ಎಂಬುದು ಗೊತ್ತಾಯಿತು. ಸೆಕೆಂಡ್‌ಹ್ಯಾಂಡ್ ನ್ಯಾವಿಗೇಟರ್ ಕೊಳ್ಳುವವರು ಮೊದಲು ಅದನ್ನು ಬಯಲಿಗೆ ತಂದು, ಉಪಗ್ರಹ ಹಿಡಿಸಿ, ತಾರೀಖು ನೋಡಿ. ಬೇರೆ ಪರೀಕ್ಷೆಯೇ ಬೇಡ.

ನ್ಯಾಯವಾಗಿ ಹೇಳಬೇಕಾದರೆ ಅದರ ದನಿ ಗಟ್ಟಿ, ಕಿಟಕಿ ಇಳಿಸಿದ್ದರೂ ಕೇಳುತ್ತದೆ. ಕರೆ ಬರುವುದಿಲ್ಲ. ಪರದೆಯನ್ನು ಮಾತ್ರ ಉಗುರಿನಿಂದ ಒತ್ತಬೇಕು, ಬೆರಳು ಸವರಿದರೆ ಅದಕ್ಕೆ ತಿಳಿಯುವುದೇ ಇಲ್ಲ. ಗಾರ್ಮಿನ್, ಟಾಮ್‌ಟಾಮ್‌ಗಳ ಈಚಿನ ಹಲವು ಮಾದರಿಗಳು ವೈ-ಫೈ ಮೂಲಕ ತಾವೇ ನಕ್ಷೆ ಇಳಿಸಿಕೊಳ್ಳುತ್ತವೆ, ಲಾರಿಯವರಿಗೆಂದೇ ಎತ್ತರ, ತೂಕ ನೋಡಿ ದಾರಿ ಹೇಳುವ ಮಾದರಿಗಳೂ ಇವೆ. ದೊಡ್ಡ ಗಾಡಿ ಓಡಿಸುವವರು ಆ ಕಡೆ ನೋಡುವುದೇ ಸರಿ. ನನ್ನ ಬಜೆಟ್ ಅಲ್ಲಿಗೆ ಮುಟ್ಟಲಿಲ್ಲ. ಮುಟ್ಟದಿದ್ದಾಗ ಅದರ ಅಗ್ಗದ ನಕಲಿಗೆ ಕೈ ಹಾಕಿದ್ದೇ ತಪ್ಪು.

ಜೇಬಿನ ಫೋನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಎಲ್ಲರೂ ಬಳಸುವುದೇ ಅದು. ಮುಂದೆ ಎಲ್ಲಿ ವಾಹನ ಕಟ್ಟಿಕೊಂಡು ನಿಂತಿವೆ ಎಂದು ಆ ಕ್ಷಣಕ್ಕೆ ಹೇಳುವುದರಲ್ಲಿ ಅದನ್ನು ಮೀರಿಸುವುದು ಇಲ್ಲ. ಅದರ ಕಷ್ಟ ಎರಡು. ಒಂದು ಕರೆ, ಅದನ್ನು ಆಗಲೇ ಹೇಳಿದೆ. ಎರಡನೆಯದು, ಊರು ಮುಟ್ಟುವ ಹೊತ್ತಿಗೆ ಚಾರ್ಜೆಲ್ಲ ಮುಗಿದು, ಯಾರ ಮನೆಗೆ ಬಂದೆವೋ ಅವರಿಗೆ 'ಗೇಟ್ ಹತ್ತಿರ ಇದ್ದೀವಿ' ಎಂದು ಹೇಳಲೂ ಆಗದ ಸ್ಥಿತಿ.

ಈಗ ಹಳೇ ಫೋನಿಗೆ ಬರೋಣ. ಅದರಲ್ಲಿದ್ದ ಫೋಟೊಗಳನ್ನೆಲ್ಲ ತೆಗೆದಿಟ್ಟು, ಪೂರ್ತಿ ಅಳಿಸಿ, ಕಾರ್ಖಾನೆಯಿಂದ ಬಂದ ಸ್ಥಿತಿಗೆ ತಂದೆ. ಆಮೇಲೆ ಎರಡೇ ಆ್ಯಪ್ ಹಾಕಿದೆ. ಒಂದು ಆರ್ಗಾನಿಕ್ ಮ್ಯಾಪ್ಸ್, ಇನ್ನೊಂದು ಗೂಗಲ್ ಮ್ಯಾಪ್ಸ್. ಮೊದಲನೆಯದು 2004ರಲ್ಲಿ ಶುರುವಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನ ನಕ್ಷೆಯನ್ನು ಬಳಸುತ್ತದೆ, ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ಟಿನ ಹಂಗಿಲ್ಲ. ಆ ನಕ್ಷೆಯನ್ನು ಬರೆಯುವವರು ಊರೂರಿನ ಸ್ವಯಂಸೇವಕರು, ಹಾಗಾಗಿ ಒಂದು ಕಡೆ ಕಾಲುದಾರಿಯೂ ಇರುತ್ತದೆ, ಇನ್ನೊಂದು ಕಡೆ ದೊಡ್ಡ ರಸ್ತೆಯ ಹೆಸರೂ ಇರುವುದಿಲ್ಲ. ಎರಡನೆಯದರಲ್ಲೂ ಬೇಕಾದಷ್ಟು ಭಾಗವನ್ನು ಇಳಿಸಿಟ್ಟುಕೊಳ್ಳಬಹುದು, ಆದರೆ ಅದಕ್ಕೆ ಅವಧಿ ಇದೆ, ಆಗಾಗ ವೈ-ಫೈಗೆ ಜೋಡಿಸಿ ಹೊಸದು ಮಾಡಬೇಕು.

'ಸಿಮ್ ಇಲ್ಲದೆ ಜಿಪಿಎಸ್ ಹೇಗೆ?' ಎಂದು ನನ್ನನ್ನು ಕೇಳದವರಿಲ್ಲ. ಫೋನಿನೊಳಗಿನ ಜಿಪಿಎಸ್ ರೇಡಿಯೊ ಕೇಳಿದ ಹಾಗೆ, ಬರೀ ಕೇಳಿಸಿಕೊಳ್ಳುತ್ತದೆ, ಏನನ್ನೂ ಕಳಿಸುವುದಿಲ್ಲ. ಸುಮಾರು 20,200 ಕಿಲೋಮೀಟರ್ ಮೇಲಿನಿಂದ ಬರುವ ಸಂಕೇತವನ್ನು ಕನಿಷ್ಠ ನಾಲ್ಕು ಉಪಗ್ರಹಗಳಿಂದ ಹಿಡಿದುಕೊಂಡರೆ ಲೆಕ್ಕ ಹಾಕಿ ತಾನಿರುವ ಜಾಗ ಹೇಳುತ್ತದೆ. ತೆರೆದ ಆಕಾಶದ ಕೆಳಗೆ ಸಾಮಾನ್ಯ ಫೋನು ಐದು ಮೀಟರ್ ಆಸುಪಾಸಿನಲ್ಲಿ ಸರಿಯಾಗಿರುತ್ತದೆ. ಇದಕ್ಕೆ ಯಾರಿಗೂ ಶುಲ್ಕ ಕಟ್ಟಬೇಕಾಗಿಲ್ಲ.

ಇಷ್ಟೆಲ್ಲ ಹೊಗಳಿದ ಮೇಲೆ ಅದರ ಒಂದು ಕೆಟ್ಟ ಗುಣವನ್ನೂ ಹೇಳಲೇಬೇಕು. ಎರಡು ತಿಂಗಳು ನನ್ನ ತಲೆ ತಿಂದದ್ದು ಇದೇ.

ಬೆಳಿಗ್ಗೆ ಕಟ್ಟಡದ ನೆಲಮಾಳಿಗೆಯಿಂದ ಕಾರು ಹೊರತಂದೆ. ಫೋನು ಹೋಲ್ಡರ್‌ನಲ್ಲಿ ಕೂತಿದೆ, ಹೋಗಬೇಕಾದ ಜಾಗ ಹಾಕಿದ್ದೇನೆ. ಬಾಣ ಮಾತ್ರ ಹಿಂದಿನ ವಾರ ಎಲ್ಲಿ ನಿಲ್ಲಿಸಿದ್ದೆನೋ ಅಲ್ಲೇ, ಬೂದುಬಣ್ಣಕ್ಕೆ ತಿರುಗಿ, ಪೆದ್ದುಪೆದ್ದಾಗಿ ನಿಂತಿದೆ. ಒಂದು ನಿಮಿಷ, ಎರಡು ನಿಮಿಷ. ಎರಡು ಕಡೆಯೂ ಎತ್ತರದ ಕಟ್ಟಡ. ಐದನೇ ನಿಮಿಷಕ್ಕೆ ಮೊದಲ ತಿರುವು ಹಿಂದೆ ಹೋಯಿತು. ಏಳನೇ ನಿಮಿಷಕ್ಕೆ ಬಾಣ ಥಟ್ಟನೆ ಹಾರಿ ಸರಿಯಾದ ಜಾಗಕ್ಕೆ ಬಂದು, ಏನೂ ಆಗದವರ ಹಾಗೆ ದಾರಿ ಹೇಳತೊಡಗಿತು. ಫೋನಿನ ಆಂಟೆನಾ ಕೆಟ್ಟಿದೆ ಎಂದುಕೊಂಡೆ. ಮಧ್ಯಾಹ್ನ ಅದೇ ಫೋನು ಹತ್ತು ಸೆಕೆಂಡಿನಲ್ಲಿ ಜಾಗ ಹಿಡಿಯಿತು. ಮುಂದಿನ ವಾರ ಮತ್ತೆ ಅದೇ ಕಥೆ. ಹೋಲ್ಡರ್ ಬದಲಿಸಿದೆ, ಕವರ್ ತೆಗೆದೆ, ಮುಂದಿನ ಗಾಜಿನ ಸನ್‌ಫಿಲ್ಮ್ ಮೇಲೂ ಅನುಮಾನ ಪಟ್ಟೆ.

ಕಾರಣ ತೀರಾ ಬೇರೆ ಇತ್ತು. ಜಾಗದ ಲೆಕ್ಕ ಹಾಕಬೇಕಾದರೆ ಪ್ರತಿ ಉಪಗ್ರಹವೂ ಆ ಹೊತ್ತಿಗೆ ಎಲ್ಲಿದೆ ಎಂಬುದು ಫೋನಿಗೆ ಗೊತ್ತಿರಬೇಕು. ಆ ವಿವರವನ್ನು ಉಪಗ್ರಹವೇ ಹೇಳುತ್ತದೆ, ಆದರೆ ಸೆಕೆಂಡಿಗೆ ಐವತ್ತು ಬಿಟ್‌ಗಳ ವೇಗದಲ್ಲಿ. ಮಗ್ಗಿ ಹೇಳಿಕೊಡುವ ಮೇಷ್ಟ್ರ ಹಾಗೆ ನಿಧಾನ. ಮೂವತ್ತು ಸೆಕೆಂಡಿಗೆ ಒಂದು ಆವರ್ತ, ಅದರಲ್ಲಿ ಆ ಉಪಗ್ರಹದ ಸ್ವಂತ ವಿವರಕ್ಕೆ ಹದಿನೆಂಟು ಸೆಕೆಂಡು. ನಡುವೆ ಒಂದು ಕಟ್ಟಡ ಅಡ್ಡ ಬಂದು ಮಾತು ತುಂಡಾದರೆ ಆ ಭಾಗ ಮತ್ತೆ ಬರುವ ತನಕ ಕಾಯಬೇಕು. ಹೀಗೆ ನಾಲ್ಕು ಉಪಗ್ರಹಗಳದ್ದು ಸೇರಬೇಕು. ನಾನೋ ಗಲ್ಲಿಯಲ್ಲಿ ಕಾರು ಓಡಿಸುತ್ತಲೇ ಇದ್ದೇನೆ, ಕಟ್ಟಡಗಳು ಸಾಲುಸಾಲಾಗಿ ಅಡ್ಡ ಬರುತ್ತಲೇ ಇವೆ. ಕೇಳಿದ ವಿವರ ಕೆಲವೇ ಗಂಟೆ ಚಾಲ್ತಿಯಲ್ಲಿರುತ್ತದೆ, ಅದಕ್ಕೇ ಮಧ್ಯಾಹ್ನ ಬೇಗ ಹಿಡಿದದ್ದು, ವಾರ ಬಿಟ್ಟರೆ ಮೊದಲಿಂದ ಶುರು. ಜೇಬಿನ ಫೋನು ಇದೇ ವಿವರವನ್ನು ಮೊಬೈಲ್ ಡೇಟಾದಿಂದ ಕಣ್ಣು ಮಿಟುಕಿಸುವಷ್ಟರಲ್ಲಿ ತರಿಸಿಕೊಳ್ಳುತ್ತದೆ. ಸಿಮ್ ತೆಗೆದಾಗ ನಾನು ಆ ಅನುಕೂಲವನ್ನೂ ತೆಗೆದುಬಿಟ್ಟಿದ್ದೆ.

ಗೊತ್ತಾದ ಮೇಲೆ ಪರಿಹಾರ ಸುಲಭ. ಹೊರಡುವ ಮುಂಚೆ ಜೇಬಿನ ಫೋನಿನ ಹಾಟ್‌ಸ್ಪಾಟ್ ಎರಡು ನಿಮಿಷ ಹಾಕಿದರೆ ಹಳೇ ಫೋನು ವಿವರ ಎಳೆದುಕೊಳ್ಳುತ್ತದೆ. ಅದೂ ಬೇಡ ಅಂದರೆ ಗಲ್ಲಿ ದಾಟಿ ಆಕಾಶ ಕಾಣುವ ಕಡೆ ಕಾರು ನಿಲ್ಲಿಸಿ, ಒಂದೆರಡು ನಿಮಿಷ ಅಲುಗಾಡದೆ ಕಾಯುವುದು. ನಿಂತರೆ ಬೇಗ, ಓಡಿದರೆ ತಡ. ಇದಕ್ಕಾಗಿ ನಾನು ಎರಡು ತಿಂಗಳು ಒದ್ದಾಡಿದೆ, ಒಂದು ಹೊಸ ಹೋಲ್ಡರ್ ಬೇರೆ ಕೊಂಡೆ. ಹಾಟ್‌ಸ್ಪಾಟ್ ಹಾಕಿಯೇ ಇಟ್ಟರೆ ವಾಹನ ದಟ್ಟಣೆಯ ಮಾಹಿತಿಯೂ ಹಳೇ ಫೋನಿಗೆ ಬರುತ್ತದೆ, ಕರೆ ಮಾತ್ರ ಜೇಬಿನಲ್ಲೇ ಉಳಿಯುತ್ತದೆ. ನನಗೆ ಬೇಕಾಗಿದ್ದದ್ದು ಇದೇ.

ಬಿಸಿಲಿನ ವಿಷಯ. ಗಾಜಿಗೆ ಅಂಟಿಸಿದ ಯಾವ ಫೋನೂ ಮಧ್ಯಾಹ್ನದ ಬಿಸಿಲಲ್ಲಿ ಚಾರ್ಜ್ ಆಗುತ್ತಾ ನಕ್ಷೆ ತೋರಿಸಲು ಒದ್ದಾಡುತ್ತದೆ. ಮೊದಲು ಪರದೆ ಮಂಕಾಗುತ್ತದೆ, ಆಮೇಲೆ ಚಾರ್ಜ್ ನಿಲ್ಲುತ್ತದೆ. ಆಪಲ್ ತನ್ನ ಐಫೋನುಗಳನ್ನು 35 ಡಿಗ್ರಿ ಸೆಲ್ಸಿಯಸ್ ಒಳಗಿನ ವಾತಾವರಣದಲ್ಲಿ ಬಳಸಿ ಎನ್ನುತ್ತದೆ, ಬಿಸಿಲಿನ ಡ್ಯಾಶ್‌ಬೋರ್ಡ್‌ಗೆ ಅದೆಲ್ಲ ಯಾವ ಲೆಕ್ಕ? ನಾನು ಹೋಲ್ಡರನ್ನು ಗಾಜಿನಿಂದ ಕಿತ್ತು ಎಸಿ ಕಿಂಡಿಗೆ ಸಿಕ್ಕಿಸಿದೆ, ತಣ್ಣನೆ ಗಾಳಿ ಫೋನಿನ ಬೆನ್ನಿಗೆ ಬಡಿಯುತ್ತದೆ, ತಾಪತ್ರಯ ತೀರಿತು. ಹೀಟರ್ ಹಾಕುವ ಕಾಲದಲ್ಲಿ ಆ ಕಿಂಡಿ ಮುಚ್ಚಬೇಕು, ಇಲ್ಲದಿದ್ದರೆ ಕಥೆ ಉಲ್ಟಾ. ಇಳಿದು ಹೋಗುವಾಗ ಫೋನನ್ನು ಕಾರಿನಲ್ಲಿ ಬಿಡಬೇಡಿ. ಹಳೇ ಬ್ಯಾಟರಿ ಮೊದಲೇ ಸೊರಗಿರುತ್ತದೆ. ಹಿಂಬದಿ ಉಬ್ಬಿದ ಹಾಗೆ ಕಂಡರಂತೂ ಆ ಫೋನು ಯಾವ ಕೆಲಸಕ್ಕೂ ಬೇಡ.

ಚಾರ್ಜರ್: ಹಳೇ ಕಾರುಗಳ ಸ್ಟೀರಿಯೊದ ಯುಎಸ್‌ಬಿ ಕಿಂಡಿ ಅರ್ಧ ಆಂಪಿಯರ್ ಕೊಟ್ಟರೆ ಹೆಚ್ಚು, ಪರದೆ ಉರಿಯುತ್ತಿದ್ದರೆ ಚಾರ್ಜ್ ಏರುವ ಬದಲು ಇಳಿಯುತ್ತದೆ. 12 ವೋಲ್ಟಿನ ಸಾಕೆಟ್ಟಿಗೆ ಹಾಕುವ ಒಳ್ಳೆಯ ಚಾರ್ಜರ್ ತನ್ನಿ. ಇದರಲ್ಲಿ ಮಾತ್ರ ಜಿಪುಣತನ ಬೇಡ.

ಮೇಲ್ಸೇತುವೆಯ ಮೇಲಿದ್ದೀರೋ ಕೆಳಗಿದ್ದೀರೋ ಎಂಬಲ್ಲಿ ಮೂರೂ ಮೋಸ ಹೋಗುತ್ತವೆ.

ಹಳೇ ಫೋನು ಮನೆಯಲ್ಲಿ ಇಲ್ಲದವರು ಬಳಸಿದ ಫೋನು ಕೊಳ್ಳಬಹುದು. ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎಂದು ನೋಡಬೇಡಿ. ಗೈರೊಸ್ಕೋಪ್ (ಫೋನು ಯಾವ ಕಡೆ ತಿರುಗಿತು ಎಂದು ಅಳೆಯುವ ಸಂವೇದಕ) ಇದೆಯಾ ನೋಡಿ, ಅಗ್ಗದ ಎಷ್ಟೋ ಫೋನುಗಳಲ್ಲಿ ಅದಿಲ್ಲ, ಇಲ್ಲದಿದ್ದರೆ ಸಿಗ್ನಲ್‌ನಲ್ಲಿ ನಿಂತಾಗ ಬಾಣ ಗರಗರ ತಿರುಗುವ ಸಾಧ್ಯತೆ ಹೆಚ್ಚು. ಎತ್ತರದ ಕಟ್ಟಡಗಳ ನಡುವೆಯೇ ಓಡಾಟವಾದರೆ ಜಿಪಿಎಸ್ ಉಪಗ್ರಹಗಳು ಬೇರೆ ಬೇರೆ ತರಂಗಾಂತರದಲ್ಲಿ ಕಳಿಸುವ ಸಂಕೇತಗಳಲ್ಲಿ ಮಾಮೂಲಿ ಎಲ್1 ಜೊತೆಗೆ ಎಲ್5 ಅನ್ನೂ ಹಿಡಿಯುವ ಫೋನು ಸಿಗುತ್ತದಾ ಹುಡುಕಿ. 2018ರಿಂದ ಈಚೆಗೆ ಅಂಥವು ಬಂದಿವೆ, ಕಟ್ಟಡಕ್ಕೆ ಬಡಿದು ವಾಪಸ್ ಬರುವ ಸಂಕೇತಕ್ಕೆ ಅವು ಅಷ್ಟು ಸುಲಭವಾಗಿ ಮರುಳಾಗುವುದಿಲ್ಲ. ದೊಡ್ಡ ಪರದೆಯ ಆಸೆಗೆ ಟ್ಯಾಬ್ಲೆಟ್ ತರುವವರು ಎಚ್ಚರ: ವೈ-ಫೈ ಮಾತ್ರ ಇರುವ ಎಷ್ಟೋ ಟ್ಯಾಬ್ಲೆಟ್‌ಗಳಲ್ಲಿ ಜಿಪಿಎಸ್ ಗ್ರಾಹಕವೇ ಇರುವುದಿಲ್ಲ. ಮನೆಯಲ್ಲಿ ವೈ-ಫೈ ಆಧಾರದ ಮೇಲೆ ಜಾಗ ಸರಿಯಾಗಿಯೇ ತೋರಿಸುತ್ತದೆ, ಹೆದ್ದಾರಿಗೆ ಹೋದ ಮೇಲೆ ಕೈ ಎತ್ತುತ್ತದೆ.

ದಿನವಿಡೀ ಊರೊಳಗಿನ ದಟ್ಟಣೆಯಲ್ಲೇ ಓಡಿಸುವವರಿಗೆ ಜೇಬಿನ ಫೋನೇ ಸಾಕು, ಇಷ್ಟೆಲ್ಲ ಗೋಜು ಬೇಡ. ನನ್ನ ಹಾಗೆ ಅಪರೂಪಕ್ಕೆ ದೂರ ಹೋಗುವ, ಕರೆಗಳ ಕಾಟ ಇರುವ, ಹೊಸದಕ್ಕೆ ದುಡ್ಡು ಸುರಿಯಲು ಮನಸ್ಸಿಲ್ಲದವರು ಡ್ರಾಯರ್ ತೆಗೆದು ನೋಡಿ. ನ್ಯಾವಿಗೇಟರಿಗೆ ಕೊಟ್ಟ ದುಡ್ಡಿನಲ್ಲಿ ಹೋಲ್ಡರು, ಚಾರ್ಜರು, ಕೇಬಲ್ಲು ಮೂರೂ ಬಂದು ಇನ್ನೂ ಒಂದಷ್ಟು ಉಳಿಯುತ್ತಿತ್ತು.

ಹಾಟ್‌ಸ್ಪಾಟ್ ಹಾಕುವುದನ್ನು ನಾನು ಈಗಲೂ ಮರೆಯುತ್ತೇನೆ. ಸೀಟ್‌ಬೆಲ್ಟ್ ಎಳೆದುಕೊಳ್ಳುತ್ತಾ ಮಾವನೇ ಕೇಳುತ್ತಾರೆ, "ಅಳಿಯಂದ್ರೇ, ಅದಕ್ಕೆ ಆಕಾಶ ತೋರಿಸಿದ್ರಾ?"