ಬೆನ್ನಿನ ಇಂಜೆಕ್ಷನ್ ಮತ್ತು ಬಿಸಿಗಾಳಿಯ ಹೊದಿಕೆ: ಕಾಸರಗೋಡಿನ ಆಸ್ಪತ್ರೆಯೊಂದರ ಸೇವೆ

ಕಾಸರಗೋಡು ಪೇಟೆಯ ಖಾಸಗಿ ಆಸ್ಪತ್ರೆಯೊಂದರಲ್ಲಿ ಈ ಮಳೆಗಾಲ ನನಗೆ ಹರ್ನಿಯಾ ಶಸ್ತ್ರಚಿಕಿತ್ಸೆಯಾಯಿತು. ಶಸ್ತ್ರಚಿಕಿತ್ಸಕರ ಕೆಲಸದಲ್ಲಿ ಹೇಳುವಂತಹ ಕೊರತೆಯಿಲ್ಲ. ಇಲ್ಲಿ ಬರೆಯುತ್ತಿರುವುದು ರೋಗಿಯನ್ನು ಬೆಚ್ಚಗಿಡಲು ಅಲ್ಲಿರುವ ವ್ಯವಸ್ಥೆಯ ಕುರಿತು ಮಾತ್ರ. ಆಸ್ಪತ್ರೆಯನ್ನು ಆರಿಸುವಾಗ ಇದನ್ನು ಯಾರೂ ವಿಚಾರಿಸುವುದಿಲ್ಲ.

ಬೆನ್ನಿಗೆ ಅರಿವಳಿಕೆಯ ಇಂಜೆಕ್ಷನ್ ಕೊಟ್ಟೊಡನೆ ಮರಗಟ್ಟಿದ ಕೆಳಭಾಗದ ರಕ್ತನಾಳಗಳು ಹಿಗ್ಗಿ, ಒಡಲಿನ ಬಿಸಿ ಕಾಲುಗಳತ್ತ ಹರಿಯುತ್ತದೆ. ಮೊದಲ ಗಂಟೆಯಲ್ಲೇ ಒಳಗಿನ ಉಷ್ಣತೆ ಸುಮಾರು 1 ಡಿಗ್ರಿ ಸೆಲ್ಸಿಯಸ್‌ನಷ್ಟು ಇಳಿಯಬಹುದು. ಮರಗಟ್ಟಿದ ಸ್ನಾಯುಗಳು ನಡುಗಲಾರವು, ಹಾಗಾಗಿ ನಡುಕವೆಲ್ಲ ತೋಳು, ಎದೆ, ದವಡೆಗಳ ಪಾಲಿಗೆ ಬರುತ್ತದೆ. ವಿಚಿತ್ರವೆಂದರೆ, ಮೈ ತಣ್ಣಗಾಗುತ್ತಿದ್ದರೂ ರೋಗಿಗೆ ಅನೇಕ ಸಲ ಚಳಿಯೇ ಅನಿಸುವುದಿಲ್ಲ. ನರ್ಸ್ ಮೊದಲು ಮಲಯಾಳದಲ್ಲಿ, ಬಳಿಕ ಕನ್ನಡದಲ್ಲಿ ಚಳಿಯಾಗುತ್ತಿದೆಯೇ ಎಂದು ಅಕ್ಕರೆಯಿಂದಲೇ ಕೇಳುತ್ತಿದ್ದರು. ನಾನೂ ಇಲ್ಲವೆಂದೇ ಹೇಳುತ್ತಿದ್ದೆ. ಕೇಳುವುದರ ಬದಲು ಥರ್ಮಾಮೀಟರ್ ಇಟ್ಟು ನೋಡಬೇಕಿತ್ತು.

ಬಿಸಿಗಾಳಿಯ ಯಂತ್ರ ಅಲ್ಲಿದೆ, ಅದೂ ಒಳ್ಳೆಯದೇ. ಕೊಳವೆಯ ಮೂಲಕ ಬಂದ ಗಾಳಿ ಕಾಗದದಂತಹ ಹಗುರ ಹೊದಿಕೆಯೊಳಗೆ ತುಂಬಿ ಎದೆ, ತೋಳುಗಳ ಮೇಲೆ ಸಮನಾಗಿ ಹರಡುತ್ತದೆ. ಉಣ್ಣೆಯ ಕಂಬಳಿ ಇರುವ ಬಿಸಿಯನ್ನು ಕಾಯುತ್ತದೆಯೇ ಹೊರತು ಹೀಗೆ ಬಿಸಿಯನ್ನು ಕೊಡುವುದಿಲ್ಲ. ಆದರೆ ಯಂತ್ರವನ್ನು ಚಾಲೂ ಮಾಡಿದ್ದು ಹಲ್ಲುಗಳು ಕಟಕಟಿಸತೊಡಗಿ, ಮಾನಿಟರಿನ ಇ.ಸಿ.ಜಿ. ಗೆರೆ ಅಡ್ಡಾದಿಡ್ಡಿಯಾದ ಮೇಲೆ. ಇಂಜೆಕ್ಷನ್ನಿಗೆ ಮುನ್ನ ಹತ್ತು ನಿಮಿಷದಿಂದ ಅರ್ಧ ಗಂಟೆಯವರೆಗೆ ಮೈಯನ್ನು ಬೆಚ್ಚಗೆ ಮಾಡಿದ್ದರೆ ಕಾಲುಗಳಲ್ಲಿ ಆಗಲೇ ಬಿಸಿ ಸೇರಿರುತ್ತಿತ್ತು, ಒಡಲಿನಿಂದ ಅತ್ತ ಹರಿಯುವುದೂ ಕಡಿಮೆಯಾಗುತ್ತಿತ್ತು. ಹೊರಗಿನ ಕೋಣೆಯಲ್ಲಿ ಸುಮ್ಮನೆ ಮಲಗಿಸಿದ್ದ ಸಮಯವೇ ಅದಕ್ಕೆ ಧಾರಾಳವಾಗಿ ಸಾಕಿತ್ತು.

ನಡುಕ ನಿಲ್ಲಿಸಲು ಟ್ರಮಾಡಾಲ್ ಎಂಬ ನೋವುನಿವಾರಕ ಕೊಟ್ಟರು. ನಡುಕ ಬೇಗನೆ ನಿಂತಿತು, ಹೊಟ್ಟೆ ತೊಳಸತೊಡಗಿತು. ಈ ಔಷಧಕ್ಕೆ ಆ ಗುಣವಿರುವುದು ತಿಳಿದ ವಿಷಯವೇ. ಡ್ರಿಪ್ಪಿನ ಬಾಟಲಿಗಳೂ ಏ.ಸಿ. ಕೋಣೆಯ ತಂಪಿನಲ್ಲೇ ಇದ್ದವು. ಅರ್ಧ ಲೀಟರ್ ಅಥವಾ ಅದಕ್ಕಿಂತ ಹೆಚ್ಚು ದ್ರವ ಕೊಡುವುದಾದರೆ ಅದನ್ನು 37 ಡಿಗ್ರಿಗೆ ಬಿಸಿ ಮಾಡಬೇಕೆಂಬುದು ಬ್ರಿಟನ್ನಿನಲ್ಲಿ ಚಿಕಿತ್ಸೆಯ ಕ್ರಮಗಳನ್ನು ಸೂಚಿಸುವ ನೈಸ್ ಸಂಸ್ಥೆಯ ಮಾರ್ಗಸೂಚಿ.

ಹೊದಿಕೆಯ ಬೆಲೆಯನ್ನು ಬಿಲ್ಲಿನಲ್ಲಿ ಪ್ರತ್ಯೇಕವಾಗಿ ಹಾಕುತ್ತಾರೆ. ಅದಕ್ಕೆ ನನ್ನ ಆಕ್ಷೇಪವಿಲ್ಲ. ನಡುಗುವಾಗ ದೇಹಕ್ಕೆ ಬೇಕಾಗುವ ಆಮ್ಲಜನಕ ಬಹಳ ಹೆಚ್ಚುವುದರಿಂದ, ಹೃದಯದ ತೊಂದರೆಯಿರುವ ಹಿರಿಯರನ್ನು ಇಲ್ಲಿ ಸೇರಿಸುವವರು ಹಿಂದಿನ ದಿನ ಅರಿವಳಿಕೆ ವೈದ್ಯರು ತಪಾಸಣೆಗೆ ಬಂದಾಗಲೇ, ಯಂತ್ರವನ್ನು ಇಂಜೆಕ್ಷನ್ನಿಗೆ ಮೊದಲೇ ಹಚ್ಚುವಂತೆ ಕೇಳಿಕೊಳ್ಳುವುದು ಒಳ್ಳೆಯದು. ಆ ವೈದ್ಯರು ಕನ್ನಡದಲ್ಲೇ ಮಾತನಾಡುತ್ತಾರೆ, ಪ್ರಶ್ನೆಗಳಿಗೆ ಬೇಸರಿಸುವುದಿಲ್ಲ.