ಮೂಡಿಗೆರೆಯ ಕೆಸರಲ್ಲಿ ನನ್ನ ಜಿಮ್ನಿ

ನಮ್ಮ ಕಾಫಿ ತೋಟ ಮೂಡಿಗೆರೆ ಹತ್ತಿರ. ಜುಲೈ ಬಂದರೆ ದಾರಿಯೆಲ್ಲ ಅಂಟು ಕೆಸರು. ಮೊದಲಿದ್ದ ಭಾರದ ಗಾಡಿಯನ್ನು ಟ್ರ್ಯಾಕ್ಟರ್ ಕಟ್ಟಿ ಎಳೆಸಿ ಸಾಕಾಗಿತ್ತು. 2023ರಲ್ಲಿ ಮಾರುತಿಯ ಚಿಕ್ಕ ಫೋರ್ ವೀಲ್ ಡ್ರೈವ್ ಗಾಡಿ ಜಿಮ್ನಿ ತಗೊಂಡೆ. ತೂಕ ಸುಮಾರು 1,200 ಕೆ.ಜಿ. ಅಷ್ಟೇ, ಅದೇ ಇದರ ದೊಡ್ಡ ಗುಣ. ಫೋರ್ ಲೋಗೆ, ಅಂದ್ರೆ ನಾಲ್ಕೂ ಚಕ್ರಕ್ಕೆ ನಿಧಾನವಾಗಿ ಹೆಚ್ಚು ಎಳೆತ ಕೊಡುವ ಗೇರಿಗೆ ಹಾಕಿದರೆ ಹೂತುಹೋಗದೆ ಮೆಲ್ಲಗೆ ಏರು ಹತ್ತಿಬಿಡುತ್ತದೆ. ಒಂದು ಚಕ್ರ ಸುಮ್ನೆ ತಿರುಗತೊಡಗಿದರೆ ಬ್ರೇಕ್ ತಾನೇ ಅದನ್ನು ಹಿಡಿದು, ಎಳೆತವನ್ನು ಅದರ ಜೋಡಿಯ ಆಚೆ ಬದಿಯ ಚಕ್ರಕ್ಕೆ ಕೊಡುತ್ತದೆ. ಇದುವರೆಗೆ ಒಮ್ಮೆಯೂ ದಾರಿಯಲ್ಲಿ ಕೈ ಕೊಟ್ಟಿಲ್ಲ.

ಮಹೀಂದ್ರಾ ಥಾರ್ ಡೀಸೆಲ್‌ನ ಎಳೆತ ಇದಕ್ಕಿಲ್ಲ, ನಿಜ. ದಿನಾ ಹಳ್ಳ ದಾಟುವವರಿಗೆ ಫೋರ್ಸ್ ಕಂಪನಿಯ ಗೂರ್ಖಾನೇ ಸರಿ. ನೀರಲ್ಲಿ ಇಳಿದಾಗ ಇಂಜಿನ್‌ಗೆ ಮೇಲಿಂದ ಗಾಳಿ ಎಳೆಯುವ ಕೊಳವೆ, ಸ್ನಾರ್ಕಲ್, ಅದಕ್ಕೆ ಕಂಪನಿಯಿಂದಲೇ ಬರುತ್ತದೆ; ಹಿಂದೆ ಮುಂದೆ ಎರಡೂ ಡಿಫರೆನ್ಷಿಯಲ್ ಲಾಕ್ ಆಗುತ್ತವೆ, ಅಂದ್ರೆ ಎಡ ಬಲ ಚಕ್ರಗಳು ಒಟ್ಟಿಗೇ ತಿರುಗುತ್ತವೆ. ಆದರೆ ಕಾಫಿ ಗಿಡಗಳ ನಡುವಿನ ಕಿರಿದಾದ ದಾರಿಗೆ ನನಗೆ ಜಿಮ್ನಿಯೇ ಬೇಕು. ಡಿಕ್ಕಿ ಮಾತ್ರ ಚಿಕ್ಕದು. ನಾಲ್ಕು ಮೂಟೆ ಗೊಬ್ಬರ ಹಾಕಬೇಕಂದ್ರೆ ಹಿಂದಿನ ಸೀಟು ಮಡಚಲೇಬೇಕು.