ದಪ್ಪ ಪುಸ್ತಕವೋ, ವಿಡಿಯೋ ಲೆಕ್ಚರೋ? ಎರಡರಲ್ಲೂ ಓದಿ ನೋಡಿದ ಮೇಲೆ

ಮೆಡಿಕಲ್ ಓದಿನ ಮೊದಲ ವರ್ಷ ವಿಡಿಯೋ ಲೆಕ್ಚರ್‌ಗಳಿಗೆ ಒಂದು ವರ್ಷದ ಸಬ್‌ಸ್ಕ್ರಿಪ್ಶನ್ ತಗೊಂಡಿದ್ದೆ. ಅದನ್ನು ಮತ್ತೆ ನವೀಕರಿಸಲಿಲ್ಲ. ಅದೇ ವರ್ಷ ಸೀನಿಯರ್ ಒಬ್ಬರಿಂದ ಅರ್ಧ ಬೆಲೆಗೆ ಕೊಂಡ ಅನಾಟಮಿ ಪುಸ್ತಕ ಇವತ್ತಿಗೂ ಮೇಜಿನ ಮೇಲಿದೆ.

ವಿಡಿಯೋ ಚೆನ್ನಾಗಿಲ್ಲ ಅಂತಲ್ಲ. ಪಾಠ ಮಾಡಿದವರು ನಿಜಕ್ಕೂ ಸೊಗಸಾಗಿ ಮಾಡಿದ್ದರು. ತೊಂದರೆ ಇದ್ದದ್ದು ಕೇಳಿದ್ದನ್ನು ಮತ್ತೆ ಹುಡುಕುವುದರಲ್ಲಿ.

ಒಂದು ಟೆಸ್ಟಿನ ಹಿಂದಿನ ರಾತ್ರಿ ಕ್ಯಾವರ್ನಸ್ ಸೈನಸ್ ತಿರುವಿ ಹಾಕುತ್ತಿದ್ದೆ. ತಲೆಬುರುಡೆಯ ಒಳಗೆ, ಪಿಟ್ಯೂಟರಿ ಗ್ರಂಥಿಯ ಎರಡೂ ಪಕ್ಕದಲ್ಲಿರುವ ಸಿರೆರಕ್ತದ ಜಾಗ ಅದು. ಅದರ ಹೊರಗೋಡೆಯಲ್ಲಿ, ಮಿದುಳಿನಿಂದ ಹೊರಡುವ ನರಗಳಲ್ಲಿ 3 ಮತ್ತು 4ನೆಯವು, 5ನೇ ನರದ ಎರಡು ಕವಲು. ಒಳಗೆ ಮಿದುಳಿಗೆ ರಕ್ತ ಒಯ್ಯುವ ಕೆರೋಟಿಡ್ ಅಪಧಮನಿಯ ಜೊತೆ ಒಂದೇ ಒಂದು ನರ ಹೋಗುತ್ತದೆ. ಯಾವುದು? ನನಗೆ ಬೇಕಾಗಿದ್ದು ಆ ಒಂದು ಸಾಲು ಮಾತ್ರ. ಮುಕ್ಕಾಲು ಗಂಟೆಯ ವಿಡಿಯೋ ತೆರೆದು, ಬೆರಳಲ್ಲಿ ಹಿಂದಕ್ಕೆ ಮುಂದಕ್ಕೆ ಎಳೆದು, ಅರ್ಧ ವಾಕ್ಯ ಕೇಳಿ, ಮತ್ತೆ ಎಳೆದು ಇಪ್ಪತ್ತು ನಿಮಿಷ ಹೋಯಿತು. ಆ್ಯಪ್‌ನಲ್ಲಿ ಹುಡುಕಿದರೆ ಪಾಠದ ಹೆಸರು ಸಿಗುತ್ತದೆ, ಒಳಗಿನ ಮಾತು ಸಿಗುವುದಿಲ್ಲ.

ಪುಸ್ತಕದಲ್ಲಿ ಅದು ಎಡಗಡೆಯ ಪುಟ, ಕೆಳಗಿನ ಚಿತ್ರ. ಪಕ್ಕದಲ್ಲಿ ನಾನೇ ಪೆನ್ಸಿಲ್‌ನಲ್ಲಿ ‘6 ಒಳಗೆ, ಅದಕ್ಕೇ ಮೊದಲು ಪೆಟ್ಟು’ ಅಂತ ಬರೆದಿದ್ದೇನೆ. ಈಗ ಕಣ್ಣು ಮುಚ್ಚಿದರೂ ಆ ಪುಟ ಕಾಣುತ್ತದೆ.

ಪರೀಕ್ಷೆಗೆ ಎರಡು ವಾರ ಇರುವಾಗ ಸಬ್‌ಸ್ಕ್ರಿಪ್ಶನ್ ಮುಗಿಯಿತು. ವಿಡಿಯೋ ಹೋಗಲಿ, ನಾನು ಆ್ಯಪ್‌ನಲ್ಲಿ ಟೈಪ್ ಮಾಡಿಟ್ಟಿದ್ದ ನೋಟ್ಸ್ ಕೂಡ ತೆರೆಯಲಿಲ್ಲ. ವರ್ಷವಿಡೀ ನಾನೇ ಬರೆದದ್ದು ಅದು. ಸಿಟ್ಟು ಇನ್ನೂ ಆರಿಲ್ಲ.

ಮೃತದೇಹ ಕೊಯ್ದು ಕಲಿಯುವ ಡಿಸೆಕ್ಷನ್‌ಗೆ ಬದಲಿ ಅಂತೂ ಯಾವುದೂ ಇಲ್ಲ. ಸ್ಕ್ರೀನ್ ಮೇಲೆ ನರ ಹಳದಿ, ಅಪಧಮನಿ ಕೆಂಪು, ಸಿರೆ ನೀಲಿ. ಫಾರ್ಮಲಿನ್‌ನಲ್ಲಿಟ್ಟ ದೇಹದಲ್ಲಿ ಎಲ್ಲವೂ ಹೆಚ್ಚುಕಡಿಮೆ ಒಂದೇ ಕಂದು. ಬೆರಳ ನಡುವೆ ಹಿಡಿದು ಹೊರಳಿಸಿದಾಗಲೇ ಗೊತ್ತಾಗುವುದು: ನರ ಗಟ್ಟಿ ಹುರಿ, ಅಪಧಮನಿ ಟೊಳ್ಳು ಕೊಳವೆ. ಕಂಕುಳಲ್ಲಿ ತೋಳಿನ ನರಗಳ ಜಾಲವಾದ ಬ್ರೇಕಿಯಲ್ ಪ್ಲೆಕ್ಸಸ್ ಹುಡುಕುವಾಗ ಮೊದಲು ಸಿಕ್ಕಿದ್ದು ಕೊರಾಕೊಬ್ರೇಕಿಯಾಲಿಸ್ ಸ್ನಾಯುವನ್ನು ತೂರಿಕೊಂಡು ಹೋಗುವ ನರ. ಅದನ್ನು ಹಿಡಿದುಕೊಂಡು ಹಿಂದಕ್ಕೆ ಹೋದರೆ ಉಳಿದವೆಲ್ಲ ಒಂದೊಂದಾಗಿ ಬಿಚ್ಚಿಕೊಂಡವು.

ಆನ್‌ಲೈನ್ ಪೂರ್ತಿ ಗೆದ್ದದ್ದು ಹೃದಯದ ಶಬ್ದಗಳಲ್ಲಿ. ಹೃದಯದ ಕವಾಟ ಕಿರಿದಾಗುವ ಮೈಟ್ರಲ್ ಸ್ಟೆನೋಸಿಸ್‌ನ ತಗ್ಗು ದನಿಯ ಗುಡುಗುಡು ಹೇಗಿರುತ್ತದೆ ಅಂತ ಪುಸ್ತಕದಲ್ಲಿ ಹತ್ತು ಸಲ ಓದಿದ್ದೆ. ವಾರ್ಡಿನಲ್ಲಿ ಸ್ಟೆತಾಸ್ಕೋಪ್ ಇಟ್ಟಾಗ ಏನೂ ಕೇಳಲಿಲ್ಲ. ರೆಕಾರ್ಡಿಂಗನ್ನು ಇಯರ್‌ಫೋನ್‌ನಲ್ಲಿ ಒಂದು ವಾರ ದಿನಾ ಕೇಳಿದೆ. ಆಮೇಲೆ ರೋಗಿಯನ್ನು ಎಡಮಗ್ಗುಲಿಗೆ ಮಲಗಿಸಿ, ತಗ್ಗು ದನಿ ಕೇಳಿಸುವ ಸ್ಟೆತಾಸ್ಕೋಪಿನ ಬೆಲ್ ಭಾಗ ಇಟ್ಟರೆ, ಅದು ಅಲ್ಲೇ ಇತ್ತು! ಇದಕ್ಕೆ ಪುಸ್ತಕ ಸಾಲುವುದಿಲ್ಲ.

ಕ್ವೆಶ್ಚನ್ ಬ್ಯಾಂಕ್ ಆನ್‌ಲೈನೇ ಒಳ್ಳೆಯದು. ದಿನಾ ಇಷ್ಟು ಅಂತ ಪ್ರಶ್ನೆ ಕೇಳಿ ನೆನಪಿಸುವ ಆಂಕಿ ಆ್ಯಪ್‌ನ ಕಾರ್ಡುಗಳು ಔಷಧಿಗಳ ಹೆಸರಿಗೆ ಸರಿ. ನಾಲ್ಕು ದಿನ ಬಿಟ್ಟರೆ ರಾಶಿ ಬೀಳುತ್ತದೆ.

ಒಂದು ಮಾತು ಪುಸ್ತಕಕ್ಕೂ ವಿಡಿಯೋಗೂ ಸೇರಿಸಿ ಹೇಳಬೇಕು. ಸುಮ್ನೆ ಮತ್ತೆ ಮತ್ತೆ ಓದಿದವರಿಗಿಂತ, ಮುಚ್ಚಿಟ್ಟು ನೆನಪಿಸಿಕೊಂಡವರಿಗೆ ಒಂದು ವಾರದ ನಂತರ ಜಾಸ್ತಿ ನೆನಪಿತ್ತು ಅಂತ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ತೋರಿಸಿದರು. ವಿಡಿಯೋ ಓಡುತ್ತಿದ್ದಾಗ ಎಲ್ಲ ಗೊತ್ತು ಅನಿಸುತ್ತಿತ್ತು, ಆದರೆ ನಾನು ನಿಲ್ಲಿಸಿ ನೆನಪಿಸಿಕೊಳ್ಳುತ್ತಿರಲಿಲ್ಲ. ಪುಸ್ತಕ ಮುಚ್ಚಿ ಖಾಲಿ ಹಾಳೆಯ ಮೇಲೆ ಚಿತ್ರ ಬರೆಯುವುದು ನನಗೆ ಮೊದಲಿಂದಲೂ ಅಭ್ಯಾಸ. ದಿನಾ ಎರಡು ಗಂಟೆ ಪ್ರಯಾಣ ಮಾಡುವವರ ಲೆಕ್ಕ ಬೇರೆ ಇರಬಹುದು; ಅವರಿಗೆ ಕಿವಿಗೆ ಬೀಳುವ ಪಾಠವೇ ಅನುಕೂಲ, ಅಲ್ವಾ?

ನನ್ನ ಕೈಯಲ್ಲಿ ಒಂದಕ್ಕಾಗುವಷ್ಟೇ ದುಡ್ಡಿದೆ. ಈ ಸಲ ಅದು ಪೆಥಾಲಜಿ ಪುಸ್ತಕಕ್ಕೆ. ಹೃದಯದ ಶಬ್ದಗಳು ಉಚಿತವಾಗಿಯೇ ಸಿಗುತ್ತವೆ, ಇಯರ್‌ಫೋನ್ ಹೇಗೂ ಇದೆ.